ಹಾಲಕ್ಕಿಯ ಪೊಟರೆ

(ದಾವಣಗೆರೆಯಲ್ಲಿ ವಿದ್ಯಾರ್ಥಿಗಳು ಹಾಗೂ ಹರಿಹರ ತಾಲ್ಲೂಕಿನ ರೈತರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಮಲೆನಾಡಿನ ನಮ್ಮ ಓದುಗರಿಗೂ ಇಲ್ಲಿನ ಮಾತು ಅನ್ವಯಿಸುವುದರಿಂದ ಪ್ರಕಟಿಸುತ್ತಿದ್ದೇವೆ.)



ನಾನು ಮಲೆನಾಡಿನವನು. ನಮ್ಮ ಗುಡ್ಡಗಳ ಮೇಲೆ ಬಿದ್ದ ಮಳೆ ತುಂಗೆಯಾಗಿ, ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ ಹರಿಹರದ ಸೇತುವೆಯ ಕೆಳಗೆ ಸಾಗುತ್ತದೆ. ಅದೇ ಭದ್ರೆಯ ನೀರು ನಾಲೆಯ ಮೂಲಕ ನಿಮ್ಮ ಗದ್ದೆಗಳಿಗೂ ಬರುತ್ತದೆ. ಅಚ್ಚುಕಟ್ಟಿನ ಕೊನೆಭಾಗದವರಿಗೆ ಅದು ತಲುಪುವುದೇ ಕಷ್ಟ ಎಂಬುದು ಬೇರೆ ಮಾತು. ನೀರಿನ ಈ ಸಂಬಂಧದಿಂದಾಗಿ ನಾನು ಇಲ್ಲಿ ಪರಕೀಯನಲ್ಲ ಎಂದು ಭಾವಿಸಿ ಮಾತನ್ನು ಆರಂಭಿಸುತ್ತೇನೆ.

ಬೆಳೆ, ಗೊಬ್ಬರ, ರೋಗಗಳ ಕುರಿತು ಮಾತನಾಡಲು ಕರೆದಿದ್ದ ನಿಮ್ಮಲ್ಲಿ ಒಂದು ಪುಟ್ಟ ಗೂಬೆಯ ವಿಷಯ ಹೇಳಲು ಅನುಮತಿ ಕೇಳಿಕೊಂಡೆ. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ.

ಹೋದ ವರ್ಷ ಮಾಗಿಯ ಕಾಲದಲ್ಲಿ ದೇವರಬೆಳಕೆರೆಯ ಕಡೆಯ ರೈತರೊಬ್ಬರು ತಮ್ಮ ಹೊಲವನ್ನು ತೋರಿಸಲು ಕರೆದೊಯ್ದರು. ಬದುವಿನ ಮೇಲೆ ಅವರ ಅಜ್ಜನ ಕಾಲದ ಹುಣಸೆಮರವೊಂದಿತ್ತು. ಅದರ ನೆರಳಿಗೆ ಮೂರು ಸಾಲು ಮೆಕ್ಕೆಜೋಳ ಏಳುತ್ತಿರಲಿಲ್ಲ. ಬೊಡ್ಡೆ ಪೊಳ್ಳಾಗಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ಸಂಜೆಯಾದರೆ ಅದರ ಪೊಟರೆಯಿಂದ ಗೂಬೆಯೊಂದು ಕೂಗುತ್ತಿತ್ತು. ಅವರ ತಾಯಿಯವರು ಆಗ ಹಾಸಿಗೆ ಹಿಡಿದಿದ್ದರು. ಸಾಮಿಲ್ಲಿನವರು ಬಂದು ಬೆಲೆ ಕಟ್ಟಿ ಹೋಗಿದ್ದರು. "ನೀವು ಓದಿದವರು, ಪೊಳ್ಳು ಮರ ಇಟ್ಟುಕೊಂಡು ಏನು ಪ್ರಯೋಜನ, ಹೇಳಿ ಸಾರ್" ಎಂದು ಅವರು ಕೇಳಿದರು.

ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಕೇಳಿದ್ದರೆ, "ಕಡಿಸಿಬಿಡಿ" ಎಂದು ನಿಂತಲ್ಲಿಯೇ ಹೇಳುತ್ತಿದ್ದೆ. ಈ ಬಾರಿ ಮರದ ಬುಡದಲ್ಲಿ ಕುಳಿತು ನೆಲವನ್ನು ನೋಡಿದೆ. ಅಲ್ಲಿ ಕಂಡದ್ದೇನು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಹಕ್ಕಿಯ ಪರಿಚಯವಾಗಲಿ.

ಹಕ್ಕಿಯ ಪರಿಚಯ

ನಮ್ಮ ಜನ ಅದನ್ನು ಹಾಲಕ್ಕಿ ಎನ್ನುತ್ತಾರೆ. ಗೊರವಂಕಕ್ಕಿಂತ ತುಸು ಕಿರಿದು, ಸುಮಾರು 21 ಸೆಂಟಿಮೀಟರ್ ಉದ್ದ; ತೂಕ ನೂರು ಗ್ರಾಂಗಿಂತ ತುಸು ಹೆಚ್ಚು. ಬೂದುಗಂದು ಮೈಮೇಲೆ ಬಿಳಿಯ ಚುಕ್ಕೆಗಳು, ದುಂಡು ತಲೆ, ಬಿಳಿ ಹುಬ್ಬು, ಹಳದಿ ಕಣ್ಣು, ಕುತ್ತಿಗೆಯ ಹಿಂಭಾಗದಲ್ಲಿ ಬಿಳಿಯ ಪಟ್ಟಿ. ಹೆಣ್ಣು ಗಂಡುಗಳನ್ನು ನೋಡಿ ಗುರುತಿಸುವುದು ಕಷ್ಟ. ಭಾರತದಲ್ಲಿ ಮಾತ್ರವಲ್ಲದೆ ಪಶ್ಚಿಮದಲ್ಲಿ ಇರಾನಿನವರೆಗೆ, ಪೂರ್ವದಲ್ಲಿ ವಿಯೆಟ್ನಾಮಿನವರೆಗೆ ಇದರ ನೆಲೆಯಿದೆ. ದಟ್ಟ ಕಾಡು ಇದಕ್ಕೆ ಒಗ್ಗದು. ಊರು, ಹೊಲ, ತೋಪು, ಹಳೆಯ ಕಟ್ಟಡಗಳ ಪರಿಸರವೇ ಇದರ ಮನೆ.

1821ರಲ್ಲಿ ಡಚ್ ವಿಜ್ಞಾನಿ ಟೆಮ್ಮಿಂಕ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟನು. ಇಂದು ಅದನ್ನು 'ಅಥೀನೆ ಬ್ರಾಮ' ಎಂದು ಬರೆಯುತ್ತೇವೆ. ಅಥೀನೆ ಎಂದರೆ ಗ್ರೀಕರ ಜ್ಞಾನದೇವತೆ. ಇದೇ ಕುಲದ ಇನ್ನೊಂದು ಪುಟ್ಟ ಗೂಬೆ ಆಕೆಯ ಹಕ್ಕಿ. ಪ್ರಾಚೀನ ಅಥೆನ್ಸಿನ ಬೆಳ್ಳಿನಾಣ್ಯದಲ್ಲಿದ್ದ ಆ ಗೂಬೆ ಇಂದಿಗೂ ಗ್ರೀಸ್ ದೇಶದ ಒಂದು ಯೂರೋ ನಾಣ್ಯದ ಮೇಲಿದೆ. 'ಬ್ರಾಮ' ಎಂಬುದು ನಮ್ಮ ಬ್ರಹ್ಮನ ಹೆಸರು. ಹರಿಹರರನ್ನು ಒಂದೇ ವಿಗ್ರಹದಲ್ಲಿ ನಿಲ್ಲಿಸಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಗುಡಿ ಕಟ್ಟಿಸಿದ ಊರಿನವರಿಗೆ, ಎರಡು ದೇಶಗಳ ದೈವಗಳು ಒಂದು ಹಕ್ಕಿಯ ಹೆಸರಿನಲ್ಲಿ ಕೂಡಿರುವುದು ವಿಚಿತ್ರವೆನಿಸಲಾರದು.

ಆದರೆ ನಮ್ಮ ನುಡಿಯಲ್ಲಿ ಗೂಬೆಗೆ ಸಿಕ್ಕಿರುವ ಸ್ಥಾನ ಬೇರೆ. ತಪ್ಪಿಲ್ಲದವನ ಮೇಲೆ ತಪ್ಪು ಹೊರಿಸಿದರೆ "ಗೂಬೆ ಕೂರಿಸಿದರು" ಎನ್ನುತ್ತೇವೆ. ಗೂಬೆ ಮನೆಯನ್ನು ಹೊಕ್ಕರೆ ಶಾಂತಿ ಮಾಡಿಸುತ್ತೇವೆ. ಹೀಗಿದ್ದೂ ಗೂಬೆಗಳಲ್ಲಿಯೇ ಒಂದಾದ ಈ ಪುಟ್ಟ ಹಕ್ಕಿಗೆ ಹಾಲಿನ ನೆನಪು ತರುವ ಹೆಸರಿದೆ. ಬೆಳಗಿನ ಜಾವ ಬುಡಬುಡಿಕೆ ಅಲ್ಲಾಡಿಸುತ್ತ ಮನೆಬಾಗಿಲಿಗೆ ಬರುವವರು ಹಾಲಕ್ಕಿಯ ನುಡಿಯನ್ನು ಕೇಳಿ ತಿಳಿದು ಭವಿಷ್ಯ ಹೇಳುತ್ತೇವೆ ಎನ್ನುತ್ತಿದ್ದರು. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿ ತಂದು ಹಾಕುತ್ತಿದ್ದರು. ಅಂದರೆ ಈ ಹಕ್ಕಿ ಕೂಗಿದರೆ ಕೇಡು ಎಂಬುದು ಎಲ್ಲರ, ಎಲ್ಲ ಕಾಲದ ನಂಬಿಕೆಯಲ್ಲ. ಹಾಲಕ್ಕಿ ಒಳ್ಳೆಯದನ್ನೂ ನುಡಿಯಬಲ್ಲದು ಎಂದು ಹಿರಿಯರು ನಂಬಿದ್ದರು. ಆ ರೈತರಿಗೂ ನಾನು ಮೊದಲು ಹೇಳಿದ್ದು ಇದನ್ನೇ.

ಅದರ ಕೂಗು ವಾಸ್ತವದಲ್ಲಿ ಗಂಡಹೆಂಡಿರ ಸಂಭಾಷಣೆ. ಮುಸ್ಸಂಜೆ ಪೊಟರೆಯಿಂದ ಹೊರಬಂದೊಡನೆ ಮತ್ತು ಬೆಳಗಿನ ಜಾವ ಹಿಂದಿರುಗುವ ಮುನ್ನ ಜೋಡಿಹಕ್ಕಿಗಳು ಚಿರ್‍ರ್ ಚಿರ್‍ರ್ ಎಂದು ಒರಟಾಗಿ ಒದರಿ, ಚೀವಕ್ ಚೀವಕ್ ಎಂದು ಮುಗಿಸುತ್ತವೆ. ಈ ಜಾಗ ನಮ್ಮದು ಎಂದು ನೆರೆಯ ಜೋಡಿಗೆ ತಿಳಿಸುವುದೂ ಅದರಲ್ಲಿ ಸೇರಿದೆ. ಮನುಷ್ಯರ ಸಾವುಬದುಕಿನ ಸುದ್ದಿ ಅದರಲ್ಲಿಲ್ಲ.

ನಮ್ಮನ್ನು ಕಂಡಾಗ ಅದು ತಲೆಯನ್ನು ಮೇಲೆ ಕೆಳಗೆ ಕುಣಿಸಿ ದಿಟ್ಟಿಸುತ್ತದೆ. ಗೂಬೆಯ ಕಣ್ಣುಗುಡ್ಡೆ ನಮ್ಮದರಂತೆ ಹೊರಳುವುದಿಲ್ಲ. ಆದ್ದರಿಂದ ಕುತ್ತಿಗೆಯನ್ನೇ ತಿರುಗಿಸಬೇಕು. ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳಿದ್ದರೆ ಗೂಬೆಗೆ 14. ತಲೆಯನ್ನು ಸುಮಾರು 270 ಡಿಗ್ರಿಯವರೆಗೆ ಹೊರಳಿಸಬಲ್ಲದು. ತಲೆ ಕುಣಿಸುವುದು ದೂರವನ್ನು ಅಂದಾಜು ಮಾಡುವ ಉಪಾಯ. ಅದನ್ನು ಕಂಡು ಮಕ್ಕಳು, ಅದು ಅಣಕಿಸುತ್ತಿದೆ ಎಂದು ಕಲ್ಲೆಸೆಯುವುದುಂಟು.

ಮಲೆನಾಡಿನ ಓದುಗರಿಗೆ ಒಂದು ಮಾತು. ನಮ್ಮ ಎಲೆ ಉದುರುವ ಕಾಡುಗಳ ಅಂಚಿನಲ್ಲಿ, ತೋಟದ ಮೇಲಿನ ಬೆಟ್ಟದಲ್ಲಿ ಕಾಣುವುದು ಇದರ ದೂರದ ಬಂಧು ಕಾಡು ಹಾಲಕ್ಕಿ. ಅದರ ಮೈಮೇಲೆ ಚುಕ್ಕೆಗಳ ಬದಲು ಒತ್ತಾದ ಅಡ್ಡಪಟ್ಟೆಗಳಿರುತ್ತವೆ. ಎರಡಕ್ಕೂ ಬೇಕಾದ ಮನೆ ಮಾತ್ರ ಒಂದೇ ಬಗೆಯದು.

ತಾನು ಕಟ್ಟದ ಮನೆ

ಇದೇ ಇಂದಿನ ನನ್ನ ಮಾತಿನ ತಿರುಳು. ಹಾಲಕ್ಕಿ ಗೂಡು ಕಟ್ಟುವುದಿಲ್ಲ. ಪೊಟರೆ ಕೊರೆಯಲು ಅದಕ್ಕೆ ಬಾರದು. ಬೇರೆಯವರು ಮಾಡಿಬಿಟ್ಟ ಅಥವಾ ಕಾಲವೇ ಮಾಡಿದ ಪೊಟರೆಯನ್ನು ಅದು ಹುಡುಕಿಕೊಳ್ಳಬೇಕು.

ಪೊಟರೆ ಹೇಗೆ ಆಗುತ್ತದೆ? ಹಳೆಯ ಮರದ ಕೊಂಬೆಯೊಂದು ಗಾಳಿಗೆ ಮುರಿಯುತ್ತದೆ. ಆ ಗಾಯದ ಮೂಲಕ ಶಿಲೀಂಧ್ರಗಳು ಒಳಸೇರಿ ನಡುವಿನ ಕೆಚ್ಚನ್ನು ನಿಧಾನವಾಗಿ ಕೊಳೆಸುತ್ತವೆ. ಮೆತ್ತಗಾದ ಭಾಗವನ್ನು ಮರಕುಟಿಗವೋ ಕುಟ್ರುಹಕ್ಕಿಯೋ ಕುಟ್ಟಿ ಅಗಲಿಸುತ್ತವೆ. ಇದಕ್ಕೆ ಹತ್ತಾರು ವರ್ಷಗಳು ಬೇಕು. ಇಲ್ಲಿ ರೈತರು ಒಂದು ವಿಷಯವನ್ನು ಗಮನಿಸಬೇಕು. ಮರದ ಕೆಚ್ಚು ಸತ್ತ ಭಾಗ. ನೀರು ಆಹಾರಗಳನ್ನು ಸಾಗಿಸುವ ಜೀವಂತ ಭಾಗವಿರುವುದು ಹೊರಸುತ್ತಿನಲ್ಲಿ, ತೊಗಟೆಯ ಕೆಳಗೆ. ಆದ್ದರಿಂದ ಒಳಗೆ ಪೊಳ್ಳಾದ ಹುಣಸೆ, ಬೇವು, ಮಾವು, ಆಲಗಳು ಇನ್ನೂ ಹಲವು ದಶಕ ಚಿಗುರುತ್ತ, ಕಾಯಿ ಬಿಡುತ್ತ ಇರಬಲ್ಲವು. ಪೊಳ್ಳು ಎಂದರೆ ಸತ್ತದ್ದು ಎಂದಲ್ಲ.

ಒಂದು ಪೊಟರೆಗೆ ಅಭ್ಯರ್ಥಿಗಳು ಅನೇಕರು. ಗಿಳಿ, ಗೊರವಂಕ, ನೀಲಕಂಠ, ಹಾಲಕ್ಕಿ ಎಲ್ಲವಕ್ಕೂ ಅದೇ ಬೇಕು. ನಮ್ಮ ಕಡೆ ಹಾಲಕ್ಕಿ ಮರಿ ಮಾಡುವುದು ಸಾಮಾನ್ಯವಾಗಿ ನವೆಂಬರಿನಿಂದ ಏಪ್ರಿಲ್ ನಡುವೆ. ಮೂರೋ ನಾಲ್ಕೋ ಬಿಳಿಯ ದುಂಡನೆಯ ಮೊಟ್ಟೆಗಳು. ಮೊದಲ ಮೊಟ್ಟೆ ಇಟ್ಟೊಡನೆಯೇ ಕಾವು ಕೂರುವುದರಿಂದ ಮರಿಗಳು ಒಟ್ಟಿಗೆ ಹೊರಬರದೆ, ಒಂದರ ಹಿಂದೆ ಒಂದು ಬರುತ್ತವೆ. ಗೂಡಿನಲ್ಲಿ ಅಣ್ಣ ದೊಡ್ಡವನಾಗಿ, ತಮ್ಮ ಚಿಕ್ಕವನಾಗಿ ಇರುತ್ತಾನೆ. ಆಹಾರ ಸಾಲದ ವರ್ಷ ಕಿರಿಯ ಮರಿಗಳು ಸಾಯುತ್ತವೆ. ಒಂದೋ ಎರಡೋ ಮಾತ್ರ ಹಾರುತ್ತವೆ. ಸುಮಾರು ಒಂದು ತಿಂಗಳು ಕಾವು, ಇನ್ನೊಂದು ತಿಂಗಳು ಮರಿಗಳ ಪಾಲನೆ. ಸುಗ್ಗಿ ಮುಗಿದು ಹೊಲ ಖಾಲಿಯಾಗಿ, ಮರ ಕಡಿಯಲು ನಮಗೆ ಬಿಡುವು ಸಿಗುವ ತಿಂಗಳುಗಳೇ ಅವು. ಈ ಎರಡೂ ಒಂದೇ ಕಾಲಕ್ಕೆ ಬರುವುದು ಹಾಲಕ್ಕಿಯ ದುರದೃಷ್ಟ.

ಹುಣಸೆಯ ಬುಡದಲ್ಲಿ ಕಂಡದ್ದು

ಗೂಬೆ ತಿಂದುದರಲ್ಲಿ ಅರಗದ ಮೂಳೆ, ಕೂದಲು, ಕೀಟಗಳ ಚಿಪ್ಪು ಹೊಟ್ಟೆಯಲ್ಲಿ ಮುದ್ದೆಯಾಗುತ್ತವೆ. ಅದನ್ನು ಗೂಬೆ ಬಾಯಿಯಿಂದಲೇ ಉಂಡೆಯಾಗಿ ಹೊರಹಾಕುತ್ತದೆ. ಆ ಹುಣಸೆಯ ಬುಡದಲ್ಲಿ ಇಂತಹ ಒಣಗಿದ ಉಂಡೆಗಳು ಬಿದ್ದಿದ್ದವು. ಕೆಲವನ್ನು ನೀರಿನಲ್ಲಿ ನೆನೆಹಾಕಿ, ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಹರಡಿದೆ. ಬಹುಪಾಲು ದುಂಬಿಗಳ ಕಂದು ರೆಕ್ಕೆಚಿಪ್ಪುಗಳು, ಮಿಡತೆಯ ಕಾಲುಗಳು. ಒಂದರಲ್ಲಿ ಚಿಟ್ಟಿಲಿಯ ದವಡೆ. ಆ ರೈತರು ರೆಕ್ಕೆಚಿಪ್ಪೊಂದನ್ನು ಅಂಗೈಯಲ್ಲಿಟ್ಟು ನೋಡಿ, "ಇದು ನಮ್ಮ ಗೊಣ್ಣೆಹುಳದ ದುಂಬಿಯಲ್ಲವೆ?" ಎಂದರು.

ಕಬ್ಬು, ಶೇಂಗಾ, ಮೆಕ್ಕೆಜೋಳ ಬೆಳೆಯುವವರಿಗೆ ಗೊಣ್ಣೆಹುಳುವಿನ ಪರಿಚಯ ಮಾಡಿಸಬೇಕಾಗಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಅದರ ಸೋದರನನ್ನು ಬೇರುಹುಳು ಎನ್ನುತ್ತೇವೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೊಣ್ಣೆಹುಳುವಿನ ದುಂಬಿಗಳು ಮಣ್ಣಿನಿಂದ ಮೇಲೆದ್ದು ಬೇವು, ಜಾಲಿ ಮರಗಳನ್ನು ಮುತ್ತುತ್ತವೆ. ಎಲೆ ತಿಂದು, ಕೂಡಿ, ಬೆಳಗಾಗುವ ಮುನ್ನ ಮತ್ತೆ ಮಣ್ಣು ಸೇರುತ್ತವೆ. ಹೆಣ್ಣುದುಂಬಿ ಮಣ್ಣಿನಲ್ಲಿಡುವ ಹತ್ತಾರು ಮೊಟ್ಟೆಗಳಿಂದ ಹೊರಬರುವ ಮರಿಹುಳುಗಳು ಬೇರನ್ನು ತಿಂದು ಬೆಳೆಯನ್ನು ಒಣಗಿಸುತ್ತವೆ. ಸಂಜೆ ಬೇಟೆಗಿಳಿಯುವ ಹಾಲಕ್ಕಿಯೂ, ಸಂಜೆ ಮೇಲೇಳುವ ದುಂಬಿಯೂ ಒಂದೇ ಮರದಲ್ಲಿ ಸಂಧಿಸುತ್ತವೆ. ಹೊಸದಾಗಿ ಹಾರಲು ಕಲಿತ ಮರಿಗಳು ತಂದೆತಾಯಿಯ ಹಿಂದೆ ಅಲೆಯುವುದೂ ಬಹುಮಟ್ಟಿಗೆ ಅದೇ ಕಾಲದಲ್ಲಿ.

ಇಲ್ಲಿ ನಾನು ಅತಿಶಯೋಕ್ತಿ ಮಾಡಬಾರದು. ಗೂಬೆಯನ್ನು ಉಳಿಸಬೇಕೆನ್ನುವ ಉತ್ಸಾಹದಲ್ಲಿ ಅದು ಇಲಿಗಳನ್ನೆಲ್ಲ ಮುಗಿಸುತ್ತದೆ ಎಂದು ಹೇಳುವವರಿದ್ದಾರೆ. ಹಾಲಕ್ಕಿಯ ವಿಷಯದಲ್ಲಿ ಅದು ನಿಜವಲ್ಲ. ಗದ್ದೆಯ ಬದು ಕೊರೆಯುವ ಬಲಿತ ಹೆಗ್ಗಣ ಹಾಲಕ್ಕಿಗಿಂತ ಎರಡು ಮೂರು ಪಟ್ಟು ತೂಗುತ್ತದೆ. ಅದನ್ನು ಹಿಡಿಯುವುದು ಇದರಿಂದಾಗದು. ಆ ಕೆಲಸ ಕಣಜ ಗೂಬೆಯದು. ಮಲೇಷ್ಯಾದ ತಾಳೆ ತೋಟಗಳಲ್ಲಿ ಅದಕ್ಕಾಗಿ ಗೂಡುಪೆಟ್ಟಿಗೆ ಇಟ್ಟು ಇಲಿಗಳನ್ನು ಹತೋಟಿಯಲ್ಲಿಡುತ್ತಾರೆ. ಹಾಲಕ್ಕಿಯ ಊಟವೆಂದರೆ ದುಂಬಿ, ಮಿಡತೆ, ಪತಂಗ, ಚೇಳು, ಹಲ್ಲಿ, ಸೊಂಡಿಲಿ, ಚಿಟ್ಟಿಲಿ. ಗೊಣ್ಣೆಹುಳುವನ್ನು ಅದೊಂದೇ ತಡೆಯಲಾರದು. ಮೊದಲ ಮಳೆಯ ರಾತ್ರಿಗಳಲ್ಲಿ ಕೊಂಬೆ ಅಲ್ಲಾಡಿಸಿ ದುಂಬಿ ಆರಿಸಿ ಸೀಮೆಎಣ್ಣೆ ಬೆರೆತ ನೀರಿಗೆ ಹಾಕುವ ಕೆಲಸ ನಮ್ಮದೇ. ಆದರೆ ಕೂಲಿ ಕೇಳದೆ, ವರ್ಷದ ಎಲ್ಲ ರಾತ್ರಿಗಳಲ್ಲಿ ನಮ್ಮ ಜೊತೆ ದುಡಿಯುವ ಒಂದು ಜೋಡಿಯನ್ನು ನಾವಾಗಿ ಓಡಿಸುವುದು ಜಾಣತನವಲ್ಲ.

ನನ್ನದೇ ತಪ್ಪೊಂದನ್ನೂ ಹೇಳಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಬೇರುಹುಳುವಿಗೆ ಫೋರೇಟ್ ಹರಳನ್ನು ನಾನು ಧಾರಾಳವಾಗಿ ಶಿಫಾರಸು ಮಾಡಿದ್ದೇನೆ. ಅದು ಹಕ್ಕಿಗಳಿಗೂ ಮನುಷ್ಯರಿಗೂ ಕಡುವಿಷ. ತೋಟದಲ್ಲಿ ಬರಿಗೈಯಿಂದ ಅದನ್ನು ಎರಚುವವರನ್ನು ಕಂಡೂ ಸುಮ್ಮನಿದ್ದೆ. 2018ರ ಕೇಂದ್ರ ಸರ್ಕಾರದ ಆದೇಶದಂತೆ 2020ರ ಅಂತ್ಯದಿಂದ ಫೋರೇಟ್ ನಿಷೇಧವಾಯಿತು. ಆದೇಶ ಬರುವ ಮುನ್ನವೇ ನನಗೆ ಬುದ್ಧಿ ಬಂದಿರಬೇಕಾಗಿತ್ತು. ಇಂದಿಗೂ ಇಲಿಗೆ ಇಡುವ ಬ್ರೋಮಾಡಯೋಲೋನ್ ಬಿಲ್ಲೆಗಳ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ತಿಂದ ಇಲಿ ಕೂಡಲೇ ಸಾಯದೆ, ಕೆಲವು ದಿನ ಮಂಕಾಗಿ ಅಲೆಯುತ್ತದೆ. ಮಂಕಾದ ಇಲಿ ಗೂಬೆಗೆ ಸುಲಭದ ತುತ್ತು. ವಿಷ ಗೂಬೆಯ ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ.

ಮರ ಹೋದ ದಾರಿ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆಯ ಪಿ.ಬಿ. ರಸ್ತೆಯನ್ನೂ, ಹೆದ್ದಾರಿಯನ್ನೂ ಹಿರಿಯರು ನೆನಪಿಸಿಕೊಳ್ಳಲಿ. ರಸ್ತೆ ಅಗಲವಾದಂತೆಲ್ಲ ಇಕ್ಕೆಲಗಳ ಹಳೆಯ ಮರಗಳು ಹೋದವು. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಮರಕ್ಕೆ ಹತ್ತು ಸಸಿ ನೆಟ್ಟೆವು ಎಂಬ ಲೆಕ್ಕದಲ್ಲಿ ಪೊಟರೆಯ ಲೆಕ್ಕ ಇಲ್ಲ ಎನ್ನುತ್ತಿದ್ದೇನೆ. ಹತ್ತು ಸಸಿಗಳಲ್ಲಿ ಒಂದು ಪೊಟರೆಯಾಗಲು ಐವತ್ತು ವರ್ಷವಾದರೂ ಕಾಯಬೇಕು. ಅಷ್ಟು ಕಾಲ ಹಾಲಕ್ಕಿ ಎಲ್ಲಿರಬೇಕು?

ನೀಲಗಿರಿಯ ಕಥೆಯೂ ಇದೇ. ತುಂಗಭದ್ರೆಯ ಆಚೆ ದಡದ ಕಾರ್ಖಾನೆಗೆ ಕಚ್ಚಾವಸ್ತು ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಹಳ್ಳಿಗರು ದನ ಮೇಯಿಸಿ, ಸೌದೆ ತರುತ್ತಿದ್ದ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ನೆಡುವುದು ಅದರ ಯೋಜನೆಯಾಗಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಸಸಿಗಳನ್ನು ಹಚ್ಚಿದರು. ಸಮಾಜ ಪರಿವರ್ತನ ಸಮುದಾಯ ಈ ಹೋರಾಟವನ್ನು ಮುನ್ನಡೆಸಿತು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಅರ್ಜಿದಾರರಲ್ಲಿ ಒಬ್ಬರಾಗಿದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಅಂದಿನ ಮಾತು ಮೇವು, ಸೌದೆ, ಹಕ್ಕುಗಳದ್ದು, ಹಾಲಕ್ಕಿಯದಲ್ಲ. ಆದರೆ ಏಳೆಂಟು ವರ್ಷಕ್ಕೊಮ್ಮೆ ಕಡಿಯುವ ನೆಡುತೋಪಿನಲ್ಲಿ ಪೊಟರೆ ಎಂದಿಗೂ ಆಗದು. ಆ ಜನ ತಮಗಾಗಿ ಹೋರಾಡಿ ಹಕ್ಕಿಗಳ ಕೆಲಸವನ್ನೂ ಮಾಡಿಕೊಟ್ಟರು.

ದಾವಣಗೆರೆ ನಗರದಲ್ಲಿ ಹಾಲಕ್ಕಿ ಇನ್ನೂ ಬದುಕಿದೆ. ಹಳೆಯ ಗೋಡೆಯ ಸಂದು, ಶಾಲೆಯ ಅಂಗಳದ ಮರ, ಪಾಳುಬಿದ್ದ ಕಟ್ಟಡದ ಮೂಲೆ ಅದಕ್ಕೆ ಸಾಕು. ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು ಹಿಡಿಯಲು ಅದು ತಂತಿಯ ಮೇಲೆ ಕಾದು ಕೂರುತ್ತದೆ. ಕೆಳಗಿಳಿದಾಗ ವಾಹನಕ್ಕೆ ಸಿಕ್ಕಿ ಸಾಯುವುದೂ ಉಂಟು. ಇನ್ನೊಂದು ಅಪಾಯ ಮಾಟಮಂತ್ರದವರದು. 2010ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆ ಪ್ರಕಟಿಸಿದ ವರದಿ, ಭಾರತದ 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಕಳ್ಳವ್ಯಾಪಾರದಲ್ಲಿ ಕಂಡುಬಂದುದನ್ನು ದಾಖಲಿಸಿತು. ಹಾಲಕ್ಕಿಯೂ ಅವುಗಳಲ್ಲಿ ಒಂದು. ದೀಪಾವಳಿಯ ಸಮಯದಲ್ಲಿ ಈ ವ್ಯಾಪಾರ ಹೆಚ್ಚು. ಗೂಬೆಯನ್ನು ಹಿಡಿಯುವುದು, ಮಾರುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಹಾಲಕ್ಕಿ ಇಂದು ಅಪರೂಪದ ಹಕ್ಕಿಯಲ್ಲ. ಹಾಗಾದರೆ ಚಿಂತೆ ಏಕೆ ಎಂದು ನೀವು ಕೇಳಬಹುದು. ಇದರ ಹತ್ತಿರದ ಬಂಧು, ಮಧ್ಯಭಾರತದ ಅರಣ್ಯ ಗೂಬೆಯ ಕಥೆ ಕೇಳಿ. 1873ರಲ್ಲಿ ಅದಕ್ಕೆ ಹೆಸರಾಯಿತು. 1884ರ ನಂತರ ಅದನ್ನು ಕಂಡವರಿರಲಿಲ್ಲ. 1914ರಲ್ಲಿ ತಾನು ಹಿಡಿದೆನೆಂದು ಮೈನರ್ಟ್ಸ್‌ಹ್ಯಾಗನ್ ಎಂಬ ಇಂಗ್ಲಿಷ್ ಅಧಿಕಾರಿ ತೋರಿಸಿದ ಹಕ್ಕಿ, ವಸ್ತುಸಂಗ್ರಹಾಲಯದಿಂದ ಕದ್ದು ಸುಳ್ಳು ಚೀಟಿ ಅಂಟಿಸಿದ್ದು ಎಂದು ಅನಂತರ ಬಯಲಾಯಿತು. ಆ ಸುಳ್ಳನ್ನು ನಂಬಿ ಹುಡುಕಿದವರೆಲ್ಲ ತಪ್ಪು ಜಾಗದಲ್ಲಿ ಹುಡುಕಿದ್ದರು. ಕೊನೆಗೆ 1997ರ ನವೆಂಬರಿನಲ್ಲಿ ಪಮೇಲಾ ರಾಸ್‌ಮುಸೆನ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಶಹಾದಾ ಬಳಿ ಅದನ್ನು ಮತ್ತೆ ಕಂಡರು. 113 ವರ್ಷ ಒಂದು ಹಕ್ಕಿ ನಮ್ಮ ಲೆಕ್ಕದಿಂದಲೇ ಹೊರಗಿತ್ತು. ಇಂದಿಗೂ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಸುಲಭವಾಗಿ ಕಾಣುವ ಕಾಲದಲ್ಲಿಯೇ ಲೆಕ್ಕ ಬರೆದಿಟ್ಟರೆ, ಕಡಿಮೆಯಾಗತೊಡಗಿದಾಗ ಅದು ನಮಗೆ ಗೊತ್ತಾಗುತ್ತದೆ.

ಮಾಡಬಹುದಾದದ್ದು

ರೈತ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಬದುವಿನ ಪೊಳ್ಳು ಮರ ಬೀಳುವ ಅಪಾಯವಿಲ್ಲದಿದ್ದರೆ ಉಳಿಸಿ. ನೆರಳು ತೊಂದರೆಯಾದರೆ ಆ ಕಡೆಯ ಕೊಂಬೆಗಳನ್ನು ಮಾತ್ರ ಸವರಿ. ಕಡಿಯಲೇಬೇಕಾದರೆ ಪೊಟರೆಯಲ್ಲಿ ಸಂಸಾರ ಇದೆಯೇ ಎಂದು ನೋಡಿ, ಮರಿ ಹಾರುವವರೆಗೆ ತಡೆಯಿರಿ. ಸತ್ತು ಕೊಳೆತ ತೆಂಗಿನ ಬೊಡ್ಡೆಯ ಮಾತು ಬೇರೆ. ಅದರಲ್ಲಿ ಕುರುವಾಯಿ ದುಂಬಿ ಮರಿಮಾಡುವುದರಿಂದ ತೆಗೆಯುವುದೇ ಸರಿ. ನಗರದಲ್ಲಿ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಜನರ ಆಕ್ಷೇಪಣೆ ಆಹ್ವಾನಿಸಬೇಕು. ಅಂತಹ ಪ್ರಕಟಣೆ ಬಂದಾಗ ಯಾವ ಮರದಲ್ಲಿ ಪೊಟರೆಯಿದೆ ಎಂದು ಹೇಳಲು ನಮ್ಮಲ್ಲಿ ಪಟ್ಟಿ ಇರಬೇಕು.

ಆ ಪಟ್ಟಿ ಮಾಡುವ ಕೆಲಸ ವಿದ್ಯಾರ್ಥಿಗಳದು. ನಿಮ್ಮ ಓಣಿಯ, ಊರಿನ ಪೊಟರೆ ಮರಗಳನ್ನು ಗುರುತಿಸಿ. ಮರ ಯಾವುದು, ಪೊಟರೆ ಎಷ್ಟು ಎತ್ತರದಲ್ಲಿದೆ, ಒಳಗೆ ಯಾರಿದ್ದಾರೆ, ಎಂದು ಕೂಗಿದ್ದು ಕೇಳಿತು ಎಂಬುದನ್ನು ದಿನಾಂಕದೊಡನೆ ಬರೆದಿಡಿ. ಕೆಳಗೆ ಬಿದ್ದ ಉಂಡೆಗಳನ್ನು ಕೈಚೀಲ ತೊಟ್ಟು ಆರಿಸಿ, ಬಿಡಿಸಿ ನೋಡಿ. ಪೊಟರೆಗೆ ಕೈ ಹಾಕಬೇಡಿ, ಟಾರ್ಚ್ ಬಿಡಬೇಡಿ. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ನೋಟ್‌ಪುಸ್ತಕ, ಸಂಜೆಯ ಅರ್ಧ ಗಂಟೆ ಸಾಕು. ಮಲೆನಾಡಿನ ಮಕ್ಕಳು ತಮ್ಮ ಬೆಟ್ಟದ ಕಾಡು ಹಾಲಕ್ಕಿಗೆ ಇದನ್ನೇ ಮಾಡಬಹುದು.

ಇನ್ನು ಆ ಹುಣಸೆಮರದ ವಿಷಯ. ರೈತರು ಉಂಡೆಯ ಚಿಪ್ಪುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತಾಯಿಯವರಿಗೆ ತೋರಿಸಿದರಂತೆ. "ಹಾಲಕ್ಕಿಯಾ? ಅದು ಕೆಟ್ಟದ್ದಲ್ಲ ಬಿಡು" ಎಂದು ಆ ತಾಯಿಯೇ ಹೇಳಿದರಂತೆ. ನೆರಳು ಬೀಳುತ್ತಿದ್ದ ಎರಡು ಕೊಂಬೆಗಳನ್ನು ತೆಗೆಸಿದರು. ಬಂದ ಸೌದೆ ಮನೆಗಾಯಿತು. ಸಾಮಿಲ್ಲಿನವರು ಕಟ್ಟಿದ ಬೆಲೆ ಮಾತ್ರ ಅವರಿಗೆ ಬರಲಿಲ್ಲ. ಅದು ಸಣ್ಣ ಮೊತ್ತವಲ್ಲ. ಅವರ ಆ ನಷ್ಟವನ್ನು ನಾನು ಹಗುರವಾಗಿ ಕಾಣಲಾರೆ. ಪಕ್ಕದ ಹೊಲದ ಎರಡು ಹಳೆಯ ಬೇವಿನಮರಗಳು ಅದೇ ಬೇಸಿಗೆಯಲ್ಲಿ ಲಾರಿ ಏರಿದವು. ಹುಣಸೆ ಇನ್ನೂ ನಿಂತಿದೆ. ಇಂದು ಇಲ್ಲಿಗೆ ಬರುವ ಮುನ್ನ ಹೋಗಿ ನೋಡಿದೆ. ಪೊಟರೆಯ ಬಾಯಿಯಲ್ಲಿ ಹಳದಿ ಕಣ್ಣುಗಳೆರಡು ನನ್ನನ್ನು ಕಂಡು ತಲೆ ಕುಣಿಸಿದವು.